ಬೆಲೆಚೀಟಿಯಲ್ಲಿ ಕಾಣದ ಬೆಲೆ

ಕೇಳುಗರೇ, ನಮಸ್ಕಾರ.

ಕೊಳ್ಳುವವರೂ ಮಾರುವವರೂ ಒಪ್ಪಿದ ಮೇಲೆ ನಡುವೆ ಸರ್ಕಾರಕ್ಕೇನು ಕೆಲಸ ಎಂದು ಕೇಳುವವರುಂಟು. ಎಷ್ಟೋ ವ್ಯವಹಾರಗಳಲ್ಲಿ ಏನೂ ಕೆಲಸವಿಲ್ಲ, ನಿಜ. ಆದರೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದು ಕೊಳೆನೀರನ್ನು ಹೊಳೆಗೆ ಬಿಟ್ಟಿತೆನ್ನಿ. ಕೆಳದಂಡೆಯ ಜನ ಆ ಬಟ್ಟೆಯನ್ನು ಕೊಳ್ಳದೆಯೇ ಅದಕ್ಕೆ ಬೆಲೆ ತೆರುತ್ತಾರೆ. ಬೆಲೆಚೀಟಿಯಲ್ಲಿ ಅದರ ಸುಳಿವೇ ಇಲ್ಲ. ಹಾಗಾಗಿ ಬಟ್ಟೆ ಅಗ್ಗವಾಗಿ ತೋರುತ್ತದೆ, ಹೆಚ್ಚು ಮಾರಾಟವಾಗುತ್ತದೆ, ಹೊಳೆ ಇನ್ನಷ್ಟು ಕೆಡುತ್ತದೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಬಾಹ್ಯ ಪರಿಣಾಮವೆಂದು ಹೆಸರು. ಮಾರುಕಟ್ಟೆ ತಾನಾಗಿಯೇ ಸರಿಯಾದ ಫಲ ಕೊಡದ ಸ್ಥಿತಿಗೆ ಮಾರುಕಟ್ಟೆ ವೈಫಲ್ಯವೆನ್ನುತ್ತಾರೆ; ಇದು ಅದರಲ್ಲೊಂದು ಬಗೆ.

ಆದ ಹಾನಿಯಷ್ಟೇ ತೆರಿಗೆ ಹಾಕಿ ಎಂಬ ದಾರಿಯನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲಿ ತೋರಿಸಿದರು. ಹಕ್ಕು ಯಾರದೆಂಬುದು ಸ್ಪಷ್ಟವಾಗಿದ್ದು, ಚೌಕಾಸಿಗೆ ಖರ್ಚಿಲ್ಲದಿದ್ದರೆ, ಹಾನಿ ಮಾಡುವವರೂ ಅನುಭವಿಸುವವರೂ ತಾವೇ ಬಗೆಹರಿಸಿಕೊಳ್ಳಬಲ್ಲರು ಎಂದು 1960ರಲ್ಲಿ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ ವಾದಿಸಿದರು. ಸರ್ಕಾರ ಬೇಡವೆನ್ನುವವರು ಈ ಮಾತನ್ನು ಬಹಳ ಉದ್ಧರಿಸುತ್ತಾರೆ; ಚೌಕಾಸಿಯ ಖರ್ಚಿನ ಷರತ್ತನ್ನು ಮಾತ್ರ ಬಿಟ್ಟುಬಿಡುತ್ತಾರೆ. ಕೋಸ್ ಅವರ ಒತ್ತು ಇದ್ದದ್ದೇ ಆ ಖರ್ಚಿನ ಮೇಲೆ. ಸಾವಿರಾರು ಕುಟುಂಬಗಳು ಹತ್ತಾರು ಕಾರ್ಖಾನೆಗಳೊಡನೆ ಒಂದೊಂದಾಗಿ ಚೌಕಾಸಿ ಮಾಡುವುದುಂಟೇ?

ವೈಫಲ್ಯಗಳೆಲ್ಲ ಒಂದೇ ಜಾತಿಯವಲ್ಲ. ಹಳೆಯ ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆ ಅನುಮಾನದಿಂದ ಎಲ್ಲ ಕಾರುಗಳ ಬೆಲೆಯೂ ಇಳಿದು, ಒಳ್ಳೆಯ ಕಾರುಗಳೇ ಮಾರಾಟದಿಂದ ಹಿಂದೆ ಸರಿಯುತ್ತವೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ತೋರಿಸಿದರು. ಇಲ್ಲಿ ತೆರಿಗೆ ಹಾಕಿ ಪ್ರಯೋಜನವಿಲ್ಲ. ಖಾತರಿ ಬೇಕು, ದೋಷವನ್ನು ಬಹಿರಂಗಪಡಿಸುವ ನಿಯಮ ಬೇಕು.

ರೋಗ ಸರಿಯಾಗಿ ತಿಳಿದರೂ ಮದ್ದು ಎಲ್ಲ ಕಡೆ ನಾಟುವುದಿಲ್ಲ. ಆಮ್ಲಮಳೆ ತಡೆಯಲು ಅಮೆರಿಕ 1990ರಲ್ಲಿ ಕಾನೂನು ತಂದು, ವಿದ್ಯುತ್ ಸ್ಥಾವರಗಳು ಉಗುಳುವ ಗಂಧಕದ ಡೈಆಕ್ಸೈಡ್‌ಗೆ ಒಟ್ಟು ಮಿತಿ ಹಾಕಿತು. ಮಿತಿಯೊಳಗಿನ ಪರವಾನಗಿಗಳನ್ನು ಸ್ಥಾವರಗಳು ತಮ್ಮತಮ್ಮಲ್ಲೇ ಕೊಂಡು ಮಾರಬಹುದಿತ್ತು. ಅಗ್ಗವಾಗಿ ಹೊಗೆ ತಗ್ಗಿಸಬಲ್ಲವರು ಹೆಚ್ಚು ತಗ್ಗಿಸಿದರು. ಒಟ್ಟು ವೆಚ್ಚ ಮೊದಲಿನ ಅಂದಾಜುಗಳಿಗಿಂತ ಕಡಿಮೆಯಾಯಿತು. ಈ ಯಶಸ್ಸನ್ನು ಹೊಗಳುವಾಗ ಚಿಮಣಿಗೆ ಅಳವಡಿಸಿದ್ದ ಮಾಪಕವನ್ನು ನಾವು ಮರೆಯುತ್ತೇವೆ. ಯಾವ ಸ್ಥಾವರದಿಂದ ಎಷ್ಟು ಅನಿಲ ಹೊರಬಿತ್ತೆಂದು ಅದು ಎಡೆಬಿಡದೆ ದಾಖಲಿಸುತ್ತಿತ್ತು. ಹೊಲಗಳಿಂದ ಮಳೆನೀರಿನೊಡನೆ ಹೊಳೆಗೆ ಹರಿದುಬರುವ ಗೊಬ್ಬರಕ್ಕೆ ಅಂಥ ಚಿಮಣಿ ಎಲ್ಲಿದೆ? ಯಾರ ಹೊಲದಿಂದ ಎಷ್ಟು ಬಂತೆಂದು ಹೇಳಲಾಗದಿದ್ದರೆ ತೆರಿಗೆಯ ಲೆಕ್ಕವೂ ಪರವಾನಗಿಯ ಲೆಕ್ಕವೂ ಕೈಗೆ ಸಿಗುವುದಿಲ್ಲ. ಅಲ್ಲಿ ಗೊಬ್ಬರದ ಮಾರಾಟದ ಮೇಲೆಯೇ ತೆರಿಗೆ ಹಾಕಬಹುದು, ಹೊಳೆಯಂಚಿನಲ್ಲಿ ಉಳದೆ ಹಸಿರುಪಟ್ಟಿ ಬಿಡುವಂತೆ ಮಾಡಬಹುದು. ಅವು ಒರಟು ಉಪಾಯಗಳೇ, ಆದರೂ ಕೆಳದಂಡೆಯವರ ನೀರನ್ನು ಅಷ್ಟರಮಟ್ಟಿಗೆ ಕಾಯುತ್ತವೆ.

ನಮಸ್ಕಾರ.