ಏಣಿ ಹೋಯ್ತು, ಹಾಡು ಮುಗಿಯಲಿಲ್ಲ: ‘ದಿ ಬಾರ್ಬರ್ ಆಫ್ ಸೆವಿಲ್’ ಇಂದಿಗೂ ನಗಿಸುವುದು ಹೇಗೆ?

[ದೃಶ್ಯ: ರಾತ್ರಿ, ಬಾಲ್ಕನಿ, ಗೋಡೆಗೆ ಒರಗಿಸಿದ ಏಣಿ]

ನಿರೂಪಣೆ: ಇದು ಇಟಲಿಯ ಸಂಗೀತಕಾರ ರೊಸ್ಸೀನಿಯ ಹಾಸ್ಯ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ಇಲ್ಲಿರುವವರು ರೊಸೀನಾ, ಅವಳ ಪ್ರೇಮಿ ಕೌಂಟ್ ಅಲ್ಮಾವೀವಾ, ಕ್ಷೌರಿಕ ಫಿಗರೋ. ರೊಸೀನಾಳ ಪೋಷಕ ಡಾಕ್ಟರ್ ಬಾರ್ತೊಲೋನ ಮನೆಯಿಂದ ಮೂವರೂ ಏಣಿ ಇಳಿದು ಪರಾರಿಯಾಗಬೇಕು. ಪ್ರೇಮಿಗಳಿಗೆ ಹಾಡಿ ಹಾಡಿ ಸಾಕಾಗಿಲ್ಲ. ಫಿಗರೋ ಅವರ ಸಾಲಿನ ಕೊನೆಯನ್ನೇ ಅಣಕಿಸುತ್ತ ಅವಸರಪಡಿಸುತ್ತಾನೆ. ಕೊನೆಗೂ ಹೊರಟರು ಅನ್ನುವಾಗ ‘ಜಿತ್ತಿ ಜಿತ್ತಿ, ಪ್ಯಾನೋ ಪ್ಯಾನೋ’ ಶುರು. ಅರ್ಥ: ಸುಮ್ಮನೆ, ಮೆಲ್ಲಗೆ, ತಡಮಾಡದೆ ಹೋಗೋಣ. ಇದನ್ನೇ ಒಬ್ಬರಾದ ಮೇಲೊಬ್ಬರು ಹಾಡಿ, ಆಮೇಲೆ ಮೂವರೂ ಸೇರಿ ಹಾಡಿ ನೋಡಿದರೆ ಏಣಿಯೇ ಇಲ್ಲ! ಒಪೆರಾದಲ್ಲಿ ಹೊರಟೆ ಅಂದವರು ಹೊರಡುವುದೇ ಇಲ್ಲ ಎಂದು ಪ್ರೇಕ್ಷಕರು ಗೊಣಗುತ್ತಾರಲ್ಲ, ರೊಸ್ಸೀನಿ ಅದನ್ನೇ ಹಾಸ್ಯ ಮಾಡಿಬಿಟ್ಟ. ಇಟಾಲಿಯನ್ ಬಾರದವರಿಗೂ ನಗು ಬರುತ್ತದೆ.

[ತೆರೆಯ ಮೇಲೆ: ರೋಮ್, 20 ಫೆಬ್ರವರಿ 1816]

ಮೊದಲ ಪ್ರದರ್ಶನ ತಿಯಾತ್ರೋ ಅರ್ಜೆಂತೀನಾದಲ್ಲಿ. ರೊಸ್ಸೀನಿಗೆ ಇನ್ನೂ 24 ತುಂಬಿರಲಿಲ್ಲ. ಕಥೆ ಫ್ರೆಂಚ್ ನಾಟಕಕಾರ ಬೊಮಾರ್ಶೆಯದು. ಅವನ ಇದೇ ನಾಟಕವನ್ನು ಪಾಯಿಸಿಯೆಲ್ಲೋ ಎಂಬ ಇನ್ನೊಬ್ಬ ಸಂಗೀತಕಾರ 1782ರಲ್ಲೇ ಒಪೆರಾ ಮಾಡಿ ಹೆಸರು ಗಳಿಸಿದ್ದ. ಮೊದಲ ರಾತ್ರಿ ಕೂಗಾಟ, ಶಿಳ್ಳೆ. ಎರಡನೆಯ ರಾತ್ರಿ ಚಪ್ಪಾಳೆ. ಅಂದಹಾಗೆ, ನಾವೀಗ ಕೇಳುವ ಆರಂಭದ ಸಂಗೀತ ಈ ಹಾಸ್ಯಕ್ಕೆಂದು ಬರೆದದ್ದಲ್ಲ, ‘ಔರೆಲಿಯಾನೋ ಇನ್ ಪಾಲ್ಮೀರಾ’ ಎಂಬ ಗಂಭೀರ ಒಪೆರಾದಿಂದ ಎತ್ತಿದ್ದು.

[ಆಡಿಯೊ: ‘ಲಾ ಕಲುನ್ನಿಯಾ’ (ಅಪಪ್ರಚಾರ) ಹಾಡು, ಆರಂಭ]

ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ. ಸಂಗೀತದ ಮೇಷ್ಟ್ರು ಬಸೀಲಿಯೋ ಇಲ್ಲಿ ಗಾಳಿಮಾತು ಹಬ್ಬಿಸುವ ವಿದ್ಯೆ ಹೇಳಿಕೊಡುತ್ತಿದ್ದಾನೆ. ವಯೊಲಿನ್‌ನವರು ಬಿಲ್ಲನ್ನು ಬ್ರಿಡ್ಜ್‌ಗೆ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿಗೆ, ತೀರ ಹತ್ತಿರ ಎಳೆಯುತ್ತಾರೆ. ನಾದ ತೆಳ್ಳಗೆ, ಕಿವಿಯಲ್ಲಿ ಪಿಸುಗುಟ್ಟಿದಂತೆ. ಒಂದು ಪುಟ್ಟ ತುಣುಕು ಮತ್ತೆ ಮತ್ತೆ ಬರುತ್ತದೆ. ಲಯ ಓಡುವುದಿಲ್ಲ, ವಾದ್ಯಗಳು ಮಾತ್ರ ಒಂದೊಂದಾಗಿ ಸೇರುತ್ತವೆ. ‘ಫಿರಂಗಿ ಸಿಡಿದಂತೆ’ ಎಂಬ ಮಾತಿಗೆ ಬರುವಷ್ಟರಲ್ಲಿ ಇಡೀ ಆರ್ಕೆಸ್ಟ್ರಾ ಅಬ್ಬರಿಸುತ್ತಿರುತ್ತದೆ.

ಕೆಡುವುದೂ ಇಲ್ಲೇ. ಗಾಯಕ ಅರ್ಧದಲ್ಲೇ ಗಂಟಲು ಬಿಟ್ಟರೆ ಕೊನೆಗೆ ಏರಲು ಜಾಗವೇ ಉಳಿಯದು. ಸದ್ದಿನ ಜೊತೆ ವೇಗವನ್ನೂ ಏರಿಸುವ ಕಂಡಕ್ಟರ್ ಇನ್ನೂ ಅಪಾಯ: ಮಾತೆಲ್ಲ ಕಲಸಿ ಮುದ್ದೆಯಾಗುತ್ತದೆ.

ಡಾಕ್ಟರ್ ಬಾರ್ತೊಲೋನ ‘ಅ ಉನ್ ದೊತ್ತೋರ್’ ಹಾಡಿನಲ್ಲಂತೂ ಉಸಿರಿಗೇ ಬಿಡುವಿಲ್ಲ. 19ನೇ ಶತಮಾನದಲ್ಲಿ ಬಹಳ ಕಡೆ ಅದನ್ನು ಕೈಬಿಟ್ಟು, ಪಿಯೆತ್ರೋ ರೊಮಾನಿ ಬರೆದ ಸುಲಭದ ಹಾಡು ಹಾಡಿಸುತ್ತಿದ್ದರು.

[ತೆರೆಯ ಮೇಲೆ: ಯಾವ ರೆಕಾರ್ಡಿಂಗ್ ಕೇಳಬೇಕು?]

ರೊಸೀನಾ ಪಾತ್ರ ಬರೆದದ್ದು ಮಂದ್ರದ ಹೆಣ್ಣುದನಿಗೆ; ಇಂದು ಅದನ್ನು ಹಾಡುವ ಇಂಥ ದನಿಯವರಿಗೆ ಮೆಜ್ಜೊ ಎನ್ನುತ್ತಾರೆ. ಆಮೇಲೆ ಸೊಪ್ರಾನೊಗಳು, ಅಂದರೆ ತಾರದ ದನಿಯ ಗಾಯಕಿಯರು, ಅವಳ ‘ಉನಾ ವೋಚೆ’ ಹಾಡನ್ನು E ಮೇಜರ್ ಶ್ರುತಿಯಿಂದ F ಮೇಜರ್‌ಗೆ ಏರಿಸಿಕೊಂಡು ಹಾಡಿದರು. ಮಿಂಚು ಹೆಚ್ಚಾಯಿತು, ಹುಡುಗಿಯ ಕಿಲಾಡಿತನ ತುಸು ಕಡಿಮೆಯಾಯಿತು. ನಮ್ಮ ಓಟು ಮೆಜ್ಜೊ ಗಾಯಕಿಯರಿಗೆ. ಕೊನೆಯಲ್ಲಿ ಅಲ್ಮಾವೀವಾನ ‘ಚೆಸ್ಸಾ ದಿ ಪ್ಯೂ ರೆಸಿಸ್ತೆರೆ’ ಹಾಡು ಇದೆಯೇ ಎಂದೂ ನೋಡಿ. ತೀರ ಕಷ್ಟದ್ದಾದ್ದರಿಂದ ಕತ್ತರಿ ಬೀಳುವುದೇ ಹೆಚ್ಚು. ಆ ರಾಗವನ್ನು ರೊಸ್ಸೀನಿ ಮರುವರ್ಷ ತನ್ನ ಇನ್ನೊಂದು ಒಪೆರಾ ‘ಲಾ ಚೆನೆರೆಂತೊಲಾ’ದ ಕೊನೆಯ ಹಾಡಿಗೆ ಬಳಸಿಕೊಂಡ.