ತಂತಿ ಹಿಡಿದು ನಡೆದವರು

ಆಕಾಶವಾಣಿ ಧಾರವಾಡದ ಕೇಳುಗರಿಗೆ ನಮಸ್ಕಾರ.

ಸೈನ್ಯ ಅಂದ ಕೂಡಲೇ ನಮ್ಮ ಕಡೆ ಜನರಿಗೆ ಬಂದೂಕು, ಗಡಿ, ಬೆಳಗಾವಿಯ ಮರಾಠಾ ರೆಜಿಮೆಂಟ್ ಕಣ್ಣಿಗೆ ಬರುತ್ತವೆ. ನಾನು ಇವತ್ತು ಹೇಳಹೊರಟಿರುವುದು ಸಿಗ್ನಲ್ ಕೋರ್ ಬಗ್ಗೆ. ಅಲ್ಲಿ ಲೈನ್‌ಮ್ಯಾನ್ ಆಗಿ ದುಡಿದವನು ನಾನು. ಊರು ಗದಗ ತಾಲ್ಲೂಕು. ಮುಂದಿನ ಠಾಣ್ಯದ ಮಾತು ಹಿಂದಿರುವ ಸಾಹೇಬರಿಗೆ ಮುಟ್ಟಬೇಕು, ಅವರ ಆದೇಶ ಮತ್ತೆ ಮುಂದಕ್ಕೆ ಹೋಗಬೇಕು. ಇದೇ ನಮ್ಮ ಕೆಲಸ.

1911ರ ಫೆಬ್ರುವರಿ 15ರಂದು, ಈಗಿನ ಉತ್ತರ ಪ್ರದೇಶದ ಫತೇಗಢದಲ್ಲಿ ಈ ಕೋರ್ ಹುಟ್ಟಿತು. ಲೆಫ್ಟಿನೆಂಟ್ ಕರ್ನಲ್ ಎಸ್. ಎಚ್. ಪೊವೆಲ್ ಅದನ್ನು ಕಟ್ಟಿದವರು. ಅದಕ್ಕೂ ಮುಂಚೆ ತಂತಿ ಎಳೆಯುವುದು, ಸುದ್ದಿ ಕಳಿಸುವುದು ಸ್ಯಾಪರ್ಸ್ ಅಂಡ್ ಮೈನರ್ಸ್ ಪಡೆಯವರ ಪಾಲಿಗಿತ್ತು. ಸೇತುವೆ ಕಟ್ಟುವವರೇ ಸುದ್ದಿಯನ್ನೂ ನೋಡಿಕೊಳ್ಳಬೇಕು ಅಂದ್ರೆ ಎರಡೂ ಅರೆಬರೆ ಆಗುತ್ತವೆ, ಅಲ್ವಾ? ಪ್ರತ್ಯೇಕ ಪಡೆ ಬೇಕೇ ಬೇಕಾಗಿತ್ತು.

ಆಗಿನ ಕಾಲದ ಒಂದು ಸಾಧನ ನನಗೆ ಬಹಳ ಇಷ್ಟ. ಹೆಲಿಯೊಗ್ರಾಫ್. ಮೂರು ಕಾಲಿನ ಸ್ಟ್ಯಾಂಡ್, ಮೇಲೊಂದು ದುಂಡನೆಯ ಸಣ್ಣ ಕನ್ನಡಿ. ಕೀ ಒತ್ತಿದರೆ ಕನ್ನಡಿ ಚೂರು ಓರೆಯಾಗಿ ಬಿಸಿಲು ದೂರದ ಗುಡ್ಡದ ಕಡೆ ಮಿಂಚುತ್ತದೆ. ಚಿಕ್ಕ ಮಿಂಚು ಚುಕ್ಕೆ, ಉದ್ದ ಮಿಂಚು ಗೆರೆ. ಚುಕ್ಕೆ-ಗೆರೆಗಳಲ್ಲೇ ಅಕ್ಷರ ಹೇಳುವ ಮೋರ್ಸ್ ಸಂಕೇತ ಅದು. ಕಪ್ಪತಗುಡ್ಡದ ನೆತ್ತಿಯಿಂದ ಮಿನುಗಿಸಿದರೆ ಗದಗಿನಲ್ಲಿ ನಿಂತವನು ಬರಿಗಣ್ಣಲ್ಲೇ ಓದಿಕೊಳ್ಳಬಹುದಿತ್ತು. ಮೋಡ ಕವಿದರೆ ಮಾತ್ರ ಸುಮ್ನೆ ಕೂರಬೇಕು.

ಮೊದಲ ಮಹಾಯುದ್ಧದಲ್ಲಿ ಕನ್ನಡಿಗಿಂತ ತಂತಿಯೇ ಜಾಸ್ತಿ ಬಳಕೆಗೆ ಬಂತು. ಕಂದಕದಿಂದ ಕಂದಕಕ್ಕೆ ಟೆಲಿಫೋನ್ ತಂತಿ. ಶೆಲ್ ಬಿದ್ದಾಗಲೆಲ್ಲ ಅದು ತುಂಡಾಗುತ್ತಿತ್ತು. ಅದಕ್ಕೇ ಎರಡು ಸಾಲು ತಂತಿ ಎಳೆದು, ನಡುನಡುವೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡ ಜೋಡಿಸುತ್ತಿದ್ದರು. ಒಂದು ಕಡೆ ಕಡಿದರೆ ಮಾತು ಇನ್ನೊಂದು ದಾರಿ ಹಿಡಿದು ಹೋಗಲಿ ಅಂತ. ಇನ್ನೊಂದು ಅಪಾಯವೂ ಇತ್ತು. ಒಂದೊಂದು ಸಾಲಿಗೂ ಒಂದೇ ತಂತಿ ಎಳೆದು, ಕರೆಂಟಿನ ವಾಪಸ್ ದಾರಿಗೆ ನೆಲವನ್ನೇ ಬಳಸುತ್ತಿದ್ದರು. ನೆಲದೊಳಗೆ ಹರಿದ ಆ ಕರೆಂಟನ್ನು ಶತ್ರು ತನ್ನ ಕಂದಕದಲ್ಲೇ ಕೂತು ಹಿಡಿದು ಕೇಳುತ್ತಿದ್ದ. ತಡೆಯಲು 1915ರಲ್ಲಿ ಫುಲ್ಲರ್‌ಫೋನ್ ಎಂಬ ಯಂತ್ರ ಬಂತು. ಸುದ್ದಿ ಬೇಗ ಮುಟ್ಟಿದರೆ ಸಾಲದು, ಬೇರೆಯವರ ಕಿವಿಗೂ ಬೀಳಬಾರದು. ಇವತ್ತಿಗೂ ನಮ್ಮ ಕೋರಿನ ಘೋಷವಾಕ್ಯ ‘ತೀವ್ರ ಚೌಕಸ್’, ಅಂದ್ರೆ ವೇಗ ಮತ್ತು ಎಚ್ಚರ.

ತಂತಿ ಕಡಿದರೆ ರಿಪೇರಿ ಹೇಗೆ? ಕತ್ತಲಲ್ಲಿ ಟಾರ್ಚ್ ಹಾಕುವಂತಿಲ್ಲ. ತಂತಿಯನ್ನು ಅಂಗೈಯೊಳಗೆ ಸಡಿಲವಾಗಿ ಬಿಟ್ಟುಕೊಂಡು ಬಗ್ಗಿ ನಡೆಯಬೇಕು. ತುದಿ ಕೈಗೆ ಸಿಕ್ಕಿತು ಅಂದ್ರೆ ಅಲ್ಲೇ ಕಡಿದಿದೆ. ಇನ್ನೊಂದು ತುದಿಯನ್ನು ನೆಲದಲ್ಲಿ ತಡಕಾಡಿ ಹುಡುಕಬೇಕು. ಮೇಲಿನ ಹೊದಿಕೆ ಸುಲಿದು, ಗಂಟು ಹಾಕಿ, ತಾಮ್ರಕ್ಕೆ ತಾಮ್ರ ಹೊಸೆದು ಟೇಪ್ ಸುತ್ತಬೇಕು. ಆಮೇಲೆ ಹೆಗಲ ಮೇಲಿನ ಫೋನನ್ನು ಅಲ್ಲೇ ಸಿಕ್ಕಿಸಿ, ಎರಡೂ ಕಡೆಯವರನ್ನು ಮಾತಾಡಿಸಿ ನೋಡಬೇಕು. ಚಳಿಯಲ್ಲಿ ಬೆರಳು ಮರಗಟ್ಟಿರುತ್ತವೆ, ಗಂಟು ಬೀಳುವುದೇ ಇಲ್ಲ. ಇದನ್ನು ಮಾಡಿದವರ ಹೆಸರು ಯಾವ ಕಥೆಯಲ್ಲೂ ಬರುವುದಿಲ್ಲ. ನನಗೆ ನೋವಾಗುವುದು ಇದಕ್ಕೇ.

ತಂತಿಯೂ ಇಲ್ಲ, ವೈರ್‌ಲೆಸ್ಸೂ ಇಲ್ಲ ಅಂದಾಗ ಮೋಟಾರ್ ಸೈಕಲ್ ಏರಿ ಚೀಟಿ ಒಯ್ಯುವವನು ಡಿಸ್‌ಪ್ಯಾಚ್ ರೈಡರ್, ನಮ್ಮ ಬಾಯಲ್ಲಿ ‘ಡಾನ್ ಆರ್’. ಜಬಲ್ಪುರದಲ್ಲಿ 1935ರಲ್ಲಿ ಶುರುವಾದ ‘ಡೇರ್ ಡೆವಿಲ್ಸ್’ ಸವಾರರ ತಂಡ ನಮ್ಮ ಕೋರಿನದೇ. ದಿಲ್ಲಿಯ ಗಣರಾಜ್ಯೋತ್ಸವದಲ್ಲಿ ಅವರನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಕೋರಿನ ಒಂದು ತರಬೇತಿ ಕೇಂದ್ರ ಜಬಲ್ಪುರದಲ್ಲಿದೆ. ನಮಗೆ ಹತ್ತಿರದ್ದು ಗೋವಾದ ಪಣಜಿಯಲ್ಲಿದೆ.

ಸಿಯಾಚಿನ್ ಹೆಸರು ಧಾರವಾಡ ಜಿಲ್ಲೆಯ ಮನೆಮನೆಗೂ ಗೊತ್ತು. ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರುವರಿಯಲ್ಲಿ ಅಲ್ಲೇ ಆರು ದಿನ ಹಿಮದಡಿ ಜೀವ ಹಿಡಿದುಕೊಂಡಿದ್ದರು. ಅವರು ಮದ್ರಾಸ್ ರೆಜಿಮೆಂಟಿನವರು. ಅಂಥ ಠಾಣ್ಯಗಳಲ್ಲಿ ವೈರ್‌ಲೆಸ್ ಸೆಟ್ಟಿನ ಬ್ಯಾಟರಿ ಚಳಿಗೇ ಬಲ ಕಳೆದುಕೊಳ್ಳುತ್ತದೆ. ಸೆಟ್ ಜೀವಂತ ಇಡುವುದೇ ಅಲ್ಲಿ ದೊಡ್ಡ ಕೆಲಸ. 2022ರ ಸೆಪ್ಟೆಂಬರಿನಲ್ಲಿ ಅದೇ ಸಿಯಾಚಿನ್‌ನಲ್ಲಿ, 19,061 ಅಡಿ ಎತ್ತರದಲ್ಲಿ, ನಮ್ಮ ಸಿಗ್ನಲ್ ಹುಡುಗರು ಉಪಗ್ರಹದ ಇಂಟರ್ನೆಟ್ ಶುರು ಮಾಡಿದರು.

ನಮಸ್ಕಾರ.