ಮಾರುತ್ ವಿಮಾನದ ಸಣ್ಣ ನಡು

ಕೇಳುಗ ಬಂಧುಗಳಿಗೆ ನಮಸ್ಕಾರ.

ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ ವಿಮಾನದ ಮಾದರಿ ಕಟ್ಟುವ ಹವ್ಯಾಸಿಗಳು ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಹೆಚ್ಚಿಲ್ಲ. ಇರುವವರಿಗೂ, ಹೊಸದಾಗಿ ಕೈಹಾಕುವವರಿಗೂ ಇಂದು ಒಂದೇ ವಿಮಾನದ ವಿಷಯ ಹೇಳುತ್ತೇನೆ. ಅದು ನಮ್ಮ ಎಚ್‌ಎಫ್-24 ಮಾರುತ್ ಜೆಟ್ ಯುದ್ಧವಿಮಾನ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಮುಂದಾಳತ್ವದಲ್ಲಿ ರೂಪುಗೊಂಡು, 1961ರ ಜೂನ್ 17ರಂದು ಮೊದಲು ಹಾರಿದ ವಿಮಾನ. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಕಾದಾಡಿದ ವಿಮಾನ.

ಎಪ್ಪತ್ತೆರಡರಲ್ಲಿ ಒಂದು ಪಾಲಿನ ಅಳತೆಯಲ್ಲಿ ಇದರ ಉದ್ದ 22 ಸೆಂಟಿಮೀಟರ್, ರೆಕ್ಕೆಯ ಹರವು ಹನ್ನೆರಡೂವರೆ. ಕಟ್ಟುವುದು ಮಾತ್ರ ಸುಲಭವಲ್ಲ. ಹೆಸರಾದ ವಿಮಾನಗಳ ಕಿಟ್‌ಗಳು ಗಟ್ಟಿ ಉಕ್ಕಿನ ಅಚ್ಚಿನಿಂದ ಬರುತ್ತವೆ, ಭಾಗಗಳು ತಾವಾಗಿಯೇ ಕೂಡುತ್ತವೆ. ಅಪರೂಪದ ವಿಮಾನಗಳ ಕಿಟ್‌ಗಳನ್ನು ಅಗ್ಗದ ಅಚ್ಚಿನಲ್ಲಿ, ಕಡಿಮೆ ಸಂಖ್ಯೆಯಲ್ಲಿ ತೆಗೆಯುತ್ತಾರೆ. ಒಡಲಿನ ಎರಡು ಹೋಳುಗಳನ್ನು ಸೇರಿಸಲು ಗೂಟವೂ ಇರುವುದಿಲ್ಲ, ತೂತೂ ಇರುವುದಿಲ್ಲ. ಅಂಚುಗಳನ್ನು ಉಪ್ಪುಕಾಗದದ ಮೇಲೆ ತಿಕ್ಕಿ, ಒಣದಾಗಿಯೇ ಜೋಡಿಸಿ ನೋಡಿ, ಮತ್ತೆ ತಿಕ್ಕಬೇಕು.

ಮಾದರಿ ಕಟ್ಟಲು ಬಳಸುವ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ತುಸು ಧಾರಾಳವಾಗಿ ಹಚ್ಚಿ ಒತ್ತಿ ಹಿಡಿದರೆ, ಕರಗಿದ ಪ್ಲಾಸ್ಟಿಕ್ ಕೂಡುಗೆರೆಯ ಉದ್ದಕ್ಕೂ ಕೂದಲೆಳೆಯ ದಪ್ಪದ ಏಣಾಗಿ ಹೊರಗೆ ಉಬ್ಬುತ್ತದೆ. ಎರಡು ದಿನ ಮುಟ್ಟದೆ ಬಿಟ್ಟು, ಆಮೇಲೆ ಬ್ಲೇಡಿನಿಂದ ಹೆರೆದರೆ ಬಿರುಕೇ ಉಳಿಯುವುದಿಲ್ಲ, ಬಿರುಕು ತುಂಬುವ ಪುಟ್ಟಿಯೂ ಬೇಕಾಗುವುದಿಲ್ಲ. ಪುಟ್ಟಿ ಬೇಡವೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮಾರುತ್‌ನ ಒಡಲು ರೆಕ್ಕೆ ಕೂಡುವಲ್ಲಿ ಸಣ್ಣಗಾಗುತ್ತದೆ. ಶಬ್ದದ ವೇಗದ ಆಸುಪಾಸಿನಲ್ಲಿ ಗಾಳಿಯ ಎಳೆತ ತಗ್ಗಬೇಕಾದರೆ ರೆಕ್ಕೆ ಮತ್ತು ಒಡಲು ಎರಡರ ಅಡ್ಡಕೊಯ್ತದ ವಿಸ್ತಾರ ಒಟ್ಟಾಗಿ ನಯವಾಗಿ ಏರಿಳಿಯಬೇಕು. ರೆಕ್ಕೆ ಬಂದಲ್ಲಿ ಒಡಲು ಅಷ್ಟು ಕಿರಿದಾಗಬೇಕು. ಶಬ್ದದ ಎರಡು ಪಟ್ಟು ವೇಗದ ಗುರಿಯಿಟ್ಟು ರೂಪಿಸಿದ ವಿಮಾನ ಇದು. ಬಯಸಿದ ಶಕ್ತಿಯ ಇಂಜಿನ್ ಸಿಗಲಿಲ್ಲ, ಕಡಿಮೆ ಶಕ್ತಿಯ ಎರಡು ಆರ್ಫಿಯಸ್ ಇಂಜಿನ್‌ಗಳಲ್ಲೇ ಅದು ಹಾರಬೇಕಾಯಿತು. ಆ ಗುರಿ ಈಗಲೂ ಕಣ್ಣಿಗೆ ಕಾಣುವುದು ಈ ನಡುವಿನಲ್ಲಿ. ಅಲ್ಲಿ ಪುಟ್ಟಿ ಮೆತ್ತಿ ನೇರಕ್ಕೆ ತಿಕ್ಕಿದರೆ ಮೈ ನುಣುಪಾದೀತು, ಮಾರುತ್ ಉಳಿಯದು. ತಿಕ್ಕುವಾಗ ಉಪ್ಪುಕಾಗದವನ್ನು ಚಪ್ಪಟೆ ಕಟ್ಟಿಗೆಗೆ ಸುತ್ತಬೇಡಿ, ಪೆನ್ಸಿಲಿಗೆ ಸುತ್ತಿ.

ಇನ್ನು ಮೂತಿಯ ಭಾರ. ಮೂಗಿನ ಕೆಳಗೊಂದು, ಹಿಂದೆ ಎರಡು ಗಾಲಿಗಳಿರುವ ಈ ಮಾದರಿ ಭಾರವಿಡದಿದ್ದರೆ ಬಾಲದ ಮೇಲೆ ಕೂರುತ್ತದೆ. ಗದಗಿನ ಹಳೆಯ ಮುದ್ರಣಾಲಯಗಳಲ್ಲಿ ಬಳಸುತ್ತಿದ್ದ ಅಚ್ಚುಮೊಳೆ ಎಲ್ಲಾದರೂ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಸೀಸವೇ ಹೆಚ್ಚಾಗಿರುವ ಲೋಹ, ಸಣ್ಣ ಜಾಗದಲ್ಲಿ ದೊಡ್ಡ ತೂಕ. ಆದರೆ ಅದನ್ನು ಬಿಳಿ ಅಂಟಿನಲ್ಲಿ ಕೂರಿಸಬೇಡಿ. ಸೀಸ ನಿಧಾನವಾಗಿ ಬೂಷ್ಟು ಹಿಡಿದಂತೆ ಉಬ್ಬಿ ವರ್ಷಗಳ ಮೇಲೆ ಮೂತಿಯನ್ನೇ ಸೀಳಬಲ್ಲದು. ಎರಡು ಭಾಗ ಬೆರೆಸಿ ಹಚ್ಚುವ ಎಪಾಕ್ಸಿ ಅಂಟು ಬಳಸಿ, ಮುಟ್ಟಿದ ಕೈ ತೊಳೆಯಿರಿ.

ಬಣ್ಣಕ್ಕೆ ಧಾರವಾಡದ ಮಳೆಗಾಲ ಒಗ್ಗುವುದಿಲ್ಲ. ಜಿಟಿಜಿಟಿ ಹಿಡಿದ ದಿನ ಬೇಗ ಒಣಗುವ ಲ್ಯಾಕರ್ ಬಣ್ಣ ಸಿಂಪಡಿಸಿದರೆ ಹೊರಮೈ ಹಾಲು ಹಾಲಾಗಿ ಮಬ್ಬಾಗುತ್ತದೆ. ಗಾಳಿಯ ತೇವ ಬಣ್ಣದೊಳಗೆ ಸಿಕ್ಕಿಕೊಳ್ಳುವುದೇ ಕಾರಣ. ಆ ತಿಂಗಳುಗಳನ್ನು ತಿಕ್ಕುವುದಕ್ಕೂ, ವಿಮಾನದ ಮೈಯ ತಗಡುಗಳ ಅಂಚು ತೋರಿಸುವ, ತಿಕ್ಕುವಾಗ ಅಳಿಸಿಹೋದ ಗೆರೆಗಳನ್ನು ಸೂಜಿಯಿಂದ ಮತ್ತೆ ಕೊರೆಯುವುದಕ್ಕೂ ಇಟ್ಟುಕೊಂಡು, ದಸರೆಯ ನಂತರದ ಒಣ ಬಿಸಿಲಿನ ದಿನಗಳಲ್ಲಿ ಬಣ್ಣ ಹಚ್ಚಿ.

ಕಿಟ್ ತರಿಸುವ ಮುನ್ನ ಒಂದು ಕೆಲಸ ಮಾಡಿ. ಬೆಂಗಳೂರಿಗೆ ಹೋದಾಗ ಎಚ್‌ಎಎಲ್‌ನ ವಸ್ತುಸಂಗ್ರಹಾಲಯದಲ್ಲಿರುವ ನಿಜವಾದ ಮಾರುತ್ ಎದುರು ಸ್ವಲ್ಪ ಹೊತ್ತು ನಿಲ್ಲಿ. ಮುಂದಿನಿಂದ ಎಲ್ಲರೂ ಫೋಟೊ ತೆಗೆಯುತ್ತಾರೆ. ನೀವು ಬಾಲದ ಕಡೆಯಿಂದ, ಓರೆಯಾಗಿ, ನಡು ಕಾಣುವಂತೆ ತೆಗೆಯಿರಿ. ಉಪ್ಪುಕಾಗದ ಹಿಡಿದಾಗ ನಿಮಗೆ ಬೇಕಾಗುವ ಚಿತ್ರ ಅದು.

ನಮಸ್ಕಾರ.